ನೀರಿಗಿಳಿಯುವ ಮುನ್ನ

ನೀರಿನಲ್ಲಿ ಅವಘಡವಾದರೆ ನಾವು ನೀರನ್ನೇ ದೂರುತ್ತೇವೆ. ಸುಳಿ ಎಳೆಯಿತು, ಮಡು ನುಂಗಿತು ಎನ್ನುತ್ತೇವೆ. ಮನುಷ್ಯ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರಕ್ಕಿಳಿದ ಇತಿಹಾಸವನ್ನು ಓದಿದಾಗ ಮಾತ್ರ ಬೇರೊಂದು ಸತ್ಯ ಕಾಣುತ್ತದೆ. ಅಲ್ಲಿ ಎಷ್ಟೋ ಸಲ ಕೈಕೊಟ್ಟದ್ದು ನೀರಲ್ಲ, ಯಂತ್ರವೂ ಅಲ್ಲ, ಮನುಷ್ಯನ ತೀರ್ಮಾನ.

ಅದು ಎರಡನೆಯ ಮಹಾಯುದ್ಧದ ಕಾಲ. ಫ್ರಾನ್ಸಿನಲ್ಲಿ ಪೆಟ್ರೋಲಿಗೆ ತತ್ವಾರ. ಕಾರುಗಳನ್ನು ಅನಿಲದಿಂದ ಓಡಿಸಲೆಂದು ಎಮಿಲ್ ಗಾನ್ಯಾನ್ ಎಂಬ ಎಂಜಿನಿಯರ್ ಒಂದು ಕವಾಟವನ್ನು ರೂಪಿಸಿದ್ದ. ನೌಕಾಪಡೆಯ ಅಧಿಕಾರಿ ಜಾಕ್ ಕುಸ್ತೊ ಅವನೊಡನೆ ಸೇರಿ ಅದನ್ನೇ ಮುಳುಗುವವರಿಗೆ ಒಗ್ಗಿಸಿದ. ಉಸಿರೆಳೆದಾಗ ಬೇಕಾದಷ್ಟೇ ಗಾಳಿ ಕೊಡುವ ಸಾಧನವದು. 1943ರ ಜೂನ್‌ನಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ ಕುಸ್ತೊ ಅದನ್ನು ತೊಟ್ಟು ಇಳಿದಾಗ, ಅವನ ಹೆಂಡತಿ ಸಿಮೋನ್ ನೀರಿನ ಮೇಲೆ ತೇಲುತ್ತ, ಮುಖ ಕೆಳಗೆ ಮಾಡಿ ಅವನನ್ನೇ ನೋಡುತ್ತಿದ್ದಳು. ಮೇಲಿದ್ದು ಕಾಯುವ ಕೆಲಸ ಎಂಥದೆಂದು ನಮಗೆ, ಹೆಂಗಸರಿಗೆ, ಯಾರೂ ಹೇಳಿಕೊಡಬೇಕಿಲ್ಲ.

ಮೂರು ವರ್ಷ ಕಳೆಯಿತು. ಅವಿನ್ಯೋಂ ಊರಿನ ಬಳಿ ವೋಕ್ಲೂಸ್ ಎಂಬಲ್ಲಿ ಬಂಡೆಯಡಿಯಿಂದ ಉಕ್ಕುವ ಚಿಲುಮೆಯೊಂದಿದೆ. 1946ರ ಆಗಸ್ಟ್‌ನಲ್ಲಿ ಕುಸ್ತೊ ಮತ್ತು ಗೆಳೆಯ ದ್ಯುಮಾ ಅದರ ಗುಟ್ಟು ತಿಳಿಯಲು ಇಳಿದರು. ದಡದಲ್ಲಿ ಹಗ್ಗ ಹಿಡಿದು ನಿಂತವನು ಮೋರಿಸ್ ಫಾರ್ಗ್. ಮೂರು ಸಲ ಜಗ್ಗಿದರೆ ಹಗ್ಗ ಸಡಿಲಬಿಡು, ಆರು ಸಲ ಜಗ್ಗಿದರೆ ಕೂಡಲೇ ಮೇಲಕ್ಕೆಳೆ ಎಂದು ಮೊದಲೇ ಮಾತಾಗಿತ್ತು. ಆದರೆ ಗಾಳಿ ತುಂಬುವ ಯಂತ್ರ ತನ್ನದೇ ಹೊಗೆಯನ್ನು ಎಳೆದುಕೊಂಡು ಸಿಲಿಂಡರಿಗೆ ತುಂಬಿಬಿಟ್ಟಿತ್ತು. ಆ ವಿಷಗಾಳಿಯಿಂದ ಕೆಳಗಿದ್ದವರ ಬುದ್ಧಿ ಮಂಕಾಯಿತು. ಕುಸ್ತೊ ಹಗ್ಗ ಹಿಡಿದು ಹತ್ತಲು ನೋಡಿದ. ಮೇಲಿದ್ದವನಿಗೆ ಅದು ‘ಇನ್ನಷ್ಟು ಹಗ್ಗ ಬಿಡು’ ಎಂಬ ಸಂಜ್ಞೆಯಂತೆ ತೋರಿತು, ಬಿಡುತ್ತಲೇ ಹೋದ. ಕೊನೆಗೆ ಏನೋ ಎಡವಟ್ಟಾಗಿದೆ ಎನಿಸಿ, ಖಚಿತ ಸಂಜ್ಞೆಗೆ ಕಾಯದೆ ಎಳೆದೇಬಿಟ್ಟ. ಎಳೆದದ್ದು ತಪ್ಪಾಗಿದ್ದರೆ ಒಂದು ಬೈಗುಳ ತಿನ್ನಬೇಕಿತ್ತು, ಅಷ್ಟೆ. ಎಳೆಯದಿದ್ದರೆ ಎರಡು ಜೀವ ಹೋಗುತ್ತಿತ್ತು. ಅನುಮಾನ ಬಂದಾಗ ಯಾವ ಕಡೆ ತೂಗಬೇಕು ಎಂಬುದಕ್ಕೆ ಇದಕ್ಕಿಂತ ಸರಳ ಲೆಕ್ಕ ನಾನು ಕಂಡಿಲ್ಲ.

ಮರುವರ್ಷ, 1947ರ ಸೆಪ್ಟೆಂಬರ್‌ನಲ್ಲಿ, ಎಷ್ಟು ಆಳಕ್ಕೆ ಹೋಗಬಹುದೆಂದು ಪರೀಕ್ಷಿಸಲು ಇದೇ ಫಾರ್ಗ್ ತೂಲೋನ್ ಬಳಿ ಇಳಿದ. ಹಗ್ಗಕ್ಕೆ ಅಲ್ಲಲ್ಲಿ ಕಟ್ಟಿದ್ದ ಹಲಗೆಗಳ ಮೇಲೆ ಸಹಿ ಹಾಕುತ್ತ ಹೋಗಬೇಕಿತ್ತು. ‘ಚೆನ್ನಾಗಿದ್ದೇನೆ’ ಎಂಬ ಹಗ್ಗದ ಸಂಜ್ಞೆ ಮೇಲಕ್ಕೆ ಬರುತ್ತಿತ್ತು. ಒಮ್ಮೆ ನಿಂತೇಹೋಯಿತು. ಎಳೆದು ತಂದಾಗ ಉಸಿರಾಟದ ಕೊಳವೆ ಬಾಯಿಂದ ಕಳಚಿತ್ತು, ಜೀವ ಉಳಿಯಲಿಲ್ಲ. ಅವನ ಕೊನೆಯ ಸಹಿ ಇದ್ದದ್ದು ಸುಮಾರು 120 ಮೀಟರ್ ಆಳದ ಹಲಗೆಯ ಮೇಲೆ.

ಸುಮಾರು 30 ಮೀಟರ್ ದಾಟಿದ ಮೇಲೆ, ಒತ್ತಡದಲ್ಲಿ ಉಸಿರಾಡುವ ಗಾಳಿಯೊಳಗಿನ ಸಾರಜನಕ ಹೆಂಡದಂತೆ ತಲೆಗೇರತೊಡಗುತ್ತದೆ. ಇಳಿದಷ್ಟೂ ಅಮಲು ಹೆಚ್ಚು. ಅಮಲೇರಿದವನಿಗೆ ತನಗೆ ಅಮಲೇರಿದೆ ಎಂದು ತಿಳಿಯುವುದಿಲ್ಲ. ದಡದಲ್ಲಿ ಜಾಣನಾಗಿದ್ದವನೇ ತಳದಲ್ಲಿ ಬೇರೆಯವನಾಗಿರುತ್ತಾನೆ. ಹಾಗಿದ್ದಮೇಲೆ ಎಲ್ಲಿ ಹಿಂದಿರುಗಬೇಕೆಂಬ ತೀರ್ಮಾನವನ್ನು ತಳದವನ ಕೈಗೆ ಬಿಡುವುದು ಹೇಗೆ?

ಇದಕ್ಕೆ ಉತ್ತರ ಬರೆದವರಲ್ಲಿ ಒಬ್ಬ ಶಾಲಾ ಮಾಸ್ತರ ಎಂಬುದು ನನಗೆ ಹೆಮ್ಮೆಯ ವಿಷಯ. ಅಮೆರಿಕದ ಫ್ಲಾರಿಡಾದಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳುತ್ತಿದ್ದ ಶೆಕ್ ಎಕ್ಸ್ಲಿ, ನೀರು ತುಂಬಿದ ಗುಹೆಗಳಲ್ಲಿ ಸತ್ತವರ ಪ್ರಕರಣಗಳನ್ನು ಒಂದೊಂದಾಗಿ ಪರಿಶೀಲಿಸಿ 1979ರಲ್ಲಿ ಒಂದು ಪುಟ್ಟ ಪುಸ್ತಕ ತಂದ. ಅದೇ ಅದೇ ಕಾರಣಗಳು ಮರುಕಳಿಸುತ್ತಿದ್ದವು: ದಾರಿ ತೋರುವ ಹಗ್ಗವನ್ನು ಹೊರಗಿನವರೆಗೂ ಕಟ್ಟದಿರುವುದು, ಮರಳಲು ಗಾಳಿ ಉಳಿಸದಿರುವುದು, ಅತಿ ಆಳಕ್ಕಿಳಿಯುವುದು. ಮೂರರಲ್ಲಿ ಒಂದು ಪಾಲು ಗಾಳಿ ಹೋಗಲು, ಒಂದು ಪಾಲು ಬರಲು, ಇನ್ನೊಂದು ಆಪತ್ತಿಗೆ ಎಂಬ ನಿಯಮವನ್ನು ಗುಹೆಯವರು ಇಂದಿಗೂ ಪಾಲಿಸುತ್ತಾರೆ. ತಿಂಗಳ ಸಂಬಳ ಕೈಗೆ ಬಂದ ದಿನವೇ ಡಬ್ಬಿಗೆ ಒಂದಿಷ್ಟು ಹಾಕಿಡುವ ಗೃಹಿಣಿಗೆ ಇದು ಹೊಸತೇನಲ್ಲ.

ಅಂಥ ಎಕ್ಸ್ಲಿಯೂ 1994ರ ಏಪ್ರಿಲ್ 6ರಂದು ಮೆಕ್ಸಿಕೋದ ಸಕಾಟೋನ್ ಎಂಬ ಆಳವಾದ ಕೊಳದಲ್ಲಿ ತೀರಿಕೊಂಡ. ಅಂದೇ ಇನ್ನೊಂದು ಹಗ್ಗ ಹಿಡಿದು ಇಳಿದಿದ್ದ ಜಿಮ್ ಬೌಡನ್, ಸಿಲಿಂಡರಿನ ಅನಿಲ ಲೆಕ್ಕಕ್ಕಿಂತ ಬೇಗ ತೀರುತ್ತಿರುವುದನ್ನು ಕಂಡು ಹಿಂದಿರುಗಿದ, ಬದುಕಿದ. ನಿಯಮ ಬರೆದವನಿಗೂ ನೀರು ರಿಯಾಯಿತಿ ತೋರುವುದಿಲ್ಲ.

ಇದೆಲ್ಲ ದೂರದೇಶದ ಸಾಹಸಿಗಳ ಮಾತಾಯಿತು, ನಮಗೇನು ಎನ್ನಬೇಡಿ. ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪಕ್ಕೆ ಈಗ ನಮ್ಮ ಮನೆಯ ಮಕ್ಕಳೇ ಸ್ಕೂಬಾ ಮಾಡಲು ಹೋಗುತ್ತಾರೆ. ಅಲ್ಲಿ ಹೊಸಬರನ್ನು ಇಳಿಸುವುದು ಕೆಲವೇ ಮೀಟರ್ ಆಳಕ್ಕೆ. ಸಾರಜನಕದ ಅಮಲಿನ ಭಯವಿಲ್ಲ. ಆದರೆ ಬೇರೊಂದು ಅಮಲಿದೆ, ಅದೇ ನಾಚಿಕೆ. ಶೀತವಾಗಿ ಕಿವಿ ಕಟ್ಟಿದ್ದರೂ, ಉಬ್ಬಸವಿದ್ದರೂ, ದುಡ್ಡು ಕೊಟ್ಟಾಗಿದೆ, ಗೆಳತಿಯರೆಲ್ಲ ಇಳಿಯುತ್ತಿದ್ದಾರೆ, ನಾನೊಬ್ಬಳು ಹೇಗೆ ಬೇಡವೆನ್ನಲಿ ಎಂಬ ಸಂಕೋಚ. ಮೂವತ್ತು ವರ್ಷ ತರಗತಿಯಲ್ಲಿ ನಿಂತವಳು ನಾನು. ‘ಅರ್ಥವಾಯಿತೇ?’ ಎಂದರೆ ಎಲ್ಲರ ಜೊತೆ ತಲೆಯಾಡಿಸುವ ಹುಡುಗಿಯರನ್ನು ದಿನವೂ ನೋಡಿದ್ದೇನೆ. ಲೆಕ್ಕ ತಪ್ಪಿದರೆ ಮರುದಿನ ತಿದ್ದಬಹುದು. ನೀರಿನಡಿಯಲ್ಲಿ ತಲೆಯಾಡಿಸಿದರೆ ತಿದ್ದುವವರು ಯಾರು?

ಗುಹೆಗಳಿಗೆ ಇಳಿಯುವವರಲ್ಲಿ ಇನ್ನೊಂದು ಕಟ್ಟಳೆ ಇದೆ. ಯಾರು ಬೇಕಾದರೂ, ಯಾವಾಗ ಬೇಕಾದರೂ ‘ಇವತ್ತು ಸಾಕು’ ಎನ್ನಬಹುದು. ಕಾರಣ ಕೇಳುವಂತಿಲ್ಲ, ಹಂಗಿಸುವಂತಿಲ್ಲ. ಮಗಳು ನೇತ್ರಾಣಿಗೆ ಹೊರಟರೆ ಬೇಡವೆಂದು ತಡೆಯಬೇಡಿ. ಹವಳ, ಬಣ್ಣದ ಮೀನು ನೋಡಿ ಬರಲಿ. ಬುತ್ತಿಯ ಜೊತೆ ಈ ಒಂದು ಮಾತನ್ನೂ ಕಟ್ಟಿಕೊಡಿ: ‘ಇಳಿಯದೆ ಬಂದರೂ ನಮ್ಮ ಮನೆಯಲ್ಲಿ ಯಾರೂ ನಗುವುದಿಲ್ಲ, ಪುಟ್ಟೀ.’