ಹೋಗಿ ಬನ್ನಿ ಅಂದ ದೇವರಾಯ

ನಮ್ಮ ಹಂಪಸಾಗರದಲ್ಲಿ ಮನೆಯಿಂದ ಹೊರಟವರು "ಹೋಗ್ತೀನಿ" ಅನ್ನುವ ಹಾಗಿಲ್ಲ. "ಹೋಗಿ ಬರ್ತೀನ್ರಿ" ಅನ್ನಬೇಕು. ಕಳಿಸುವವರೂ "ಹೋಗಿ ಬರ್ರಿ" ಅನ್ನಬೇಕು. ಇದು ನಮ್ಮೂರಿನದೊಂದೇ ಅಲ್ಲ, ಕನ್ನಡ ಮಾತಾಡುವ ಎಲ್ಲ ಕಡೆಯೂ ಇರುವುದೇ. ಆದರೆ ಈ ಮಾತು ನನ್ನ ತಲೆಯಲ್ಲಿ ಕೂತಿರುವುದಕ್ಕೆ ಬೇರೆಯೇ ಕಾರಣ ಇದೆ. ಅದನ್ನು ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ಇಪ್ಪತ್ತು ವರ್ಷದ ಹಿಂದಿನ ಮಾತು. ನಾನಾಗ ಡಿಗ್ರಿ ಓದುತ್ತಿದ್ದೆ. ನಮ್ಮೂರಿಗೆ ನಾಲ್ಕೈದು ದೇಶಗಳ ಹನ್ನೊಂದು ಜನ ಹುಡುಗ ಹುಡುಗಿಯರು ಬಂದು ಎಂಟು ದಿನ ಇದ್ದರು. ಅವರು ನಮ್ಮಲ್ಲಿಗೆ ಬರುವುದು, ಆಮೇಲೆ ನಮ್ಮ ಕಡೆಯ ನಾಲ್ಕು ಜನ ಅವರಲ್ಲಿಗೆ ಹೋಗುವುದು, ಹೀಗಿತ್ತು ಏರ್ಪಾಡು. ಆ ನಾಲ್ವರಲ್ಲಿ ನಾನೂ ಒಬ್ಬ. ಅವರು ರೊಟ್ಟಿ ಬಡಿಯಲು ಕಲಿತರು, ಹಿನ್ನೀರಿನ ಮೇಲೆ ತೆಪ್ಪದಲ್ಲಿ ಗಿರಗಿರ ತಿರುಗಿ ಕಿರುಚಿದರು, ಮಂಡಕ್ಕಿ ಮಿರ್ಚಿ ತಿಂದು ಕಣ್ಣೀರು ಹಾಕಿದರು. ಏಳನೇ ದಿನ ಯಾರೋ ಒಬ್ಬರು ಸುದ್ದಿ ಹಬ್ಬಿಸಿದರು. ಇವರು ವಿದ್ಯಾರ್ಥಿಗಳೇ ಅಲ್ಲ, ಕಾಗದ ಪತ್ರ ಎಲ್ಲ ಸುಳ್ಳು, ಬೇರೇನೋ ಕೆಲಸಕ್ಕೆ ಬಂದಿದ್ದಾರೆ ಅಂತ. ಅದು ಸುಳ್ಳು ಅಂತ ಆಮೇಲೆ ಗೊತ್ತಾಯಿತು ಅನ್ನಿ. ಆದರೆ ಎಂಟನೇ ದಿನದ ಊಟ ರದ್ದಾಯಿತು. ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಯಾರೂ ಹೋಗಲಿಲ್ಲ. ನಾನೂ ಹೋಗಲಿಲ್ಲ. ನಮ್ಮ ದೊಡ್ಡವ್ವ ಮಾತ್ರ ಶೇಂಗಾ ಉಂಡೆ ಕಟ್ಟಿಕೊಂಡು ಹೋಗಿ, ಎಲೆ ಅಡಿಕೆ ಕೊಟ್ಟು, "ಹೋಗಿ ಬರ್ರಿ" ಅಂದು ಬಂದಳು.

ಇದಾಗಿ ಕೆಲವು ವರ್ಷದ ಮೇಲೆ ರಾಬರ್ಟ್ ಸೀವೆಲ್ ಬರೆದ, 1900ರಲ್ಲಿ ಬಂದ ವಿಜಯನಗರದ ಇತಿಹಾಸ ಓದಿದೆ. ಸೀವೆಲ್ ಆಗ ನಮ್ಮೂರು ಸೇರಿದ್ದ ಬಳ್ಳಾರಿ ಜಿಲ್ಲೆಯಲ್ಲೇ ಕಲೆಕ್ಟರ್ ಆಗಿದ್ದವನು. ಅದರಲ್ಲಿ ಅಬ್ದುಲ್ ರಜಾಕ್ ಎಂಬ ಪಾರ್ಸಿ ರಾಯಭಾರಿಯ ಪ್ರಸಂಗ ಬರುತ್ತದೆ. ನಾವೆಲ್ಲ ಹೈಸ್ಕೂಲಿನಲ್ಲಿ ಈ ಹೆಸರನ್ನು ಬಾಯಿಪಾಠ ಮಾಡಿದವರೇ. ವಿಜಯನಗರದಂಥ ನಗರವನ್ನು ಕಣ್ಣು ಕಂಡಿಲ್ಲ, ಕಿವಿ ಕೇಳಿಲ್ಲ ಅಂದವನು, ಎರಡು ಮಾರ್ಕಿನ ಪ್ರಶ್ನೆ, ಮುಗಿಯಿತು. ಅವನು ಹೊರಟ ದಿನ ಏನಾಯಿತು ಅಂತ ನಮಗೆ ಯಾವ ಮೇಷ್ಟ್ರೂ ಹೇಳಿರಲಿಲ್ಲ.

ರಜಾಕ್ ಹುಟ್ಟಿದ್ದು 1413ರಲ್ಲಿ, ಈಗಿನ ಅಫ್ಘಾನಿಸ್ತಾನದಲ್ಲಿರುವ ಹೆರಾತಿನಲ್ಲಿ. ತೈಮೂರನ ಮಗ ಶಾರೂಖ್ ಅಲ್ಲಿಯ ಸುಲ್ತಾನ. 1442ರ ಜನವರಿಯಲ್ಲಿ ಅವನು ರಜಾಕನನ್ನು ಕಲ್ಲಿಕೋಟೆಯ ಸಾಮೂದಿರಿಯ ಬಳಿಗೆ ರಾಯಭಾರಿ ಮಾಡಿ ಕಳಿಸಿದ. ಇನ್ನೂ ಮೂವತ್ತು ತುಂಬದ ಹುಡುಗ. ಹಾರ್ಮುಜಿನಲ್ಲಿ ಹಡಗು ಹತ್ತುವ ಮೊದಲೇ ಸಮುದ್ರ ನೋಡಿ ಜೀವ ಬಾಯಿಗೆ ಬಂತು ಅಂತ ನಾಚಿಕೆಯಿಲ್ಲದೆ ಬರೆದುಕೊಂಡಿದ್ದಾನೆ. ಗಾಳಿಯ ಕಾಲ ತಪ್ಪಿ ಅರಬ್ಬೀ ಕರಾವಳಿಯಲ್ಲಿ ತಿಂಗಳುಗಟ್ಟಲೆ ಕೊಳೆಯಬೇಕಾಯಿತು. ಜೊತೆಗಿದ್ದ ಅಣ್ಣ ಅಲ್ಲೇ ಜ್ವರದಲ್ಲಿ ತೀರಿಕೊಂಡ. ಕಲ್ಲಿಕೋಟೆ ಅವನಿಗೆ ಸ್ವಲ್ಪವೂ ಹಿಡಿಸಲಿಲ್ಲ. ಅಲ್ಲಿ ಬೇಸತ್ತು ಕೂತಿದ್ದಾಗ ವಿಜಯನಗರದ ಎರಡನೆಯ ದೇವರಾಯನಿಂದ ಸಾಮೂದಿರಿಗೆ ಓಲೆ ಬಂತು: ಆ ರಾಯಭಾರಿಯನ್ನು ನಮ್ಮಲ್ಲಿಗೆ ಕಳಿಸು. ಸಾಮೂದಿರಿ ವಿಜಯನಗರದ ಅಧೀನದವನೇನಲ್ಲ, ಆದರೂ ದೇವರಾಯ ಅಂದರೆ ಅವನಿಗೆ ಹೆದರಿಕೆ ಇತ್ತು. ಕಳಿಸಿಕೊಟ್ಟ.

ರಜಾಕ್ ಮಂಗಳೂರಿಗೆ ಬಂದು, ಘಟ್ಟ ಹತ್ತಿ, 1443ರ ಏಪ್ರಿಲ್ ಕೊನೆಗೆ ವಿಜಯನಗರ ಮುಟ್ಟಿದ. ಅವನ ಬರಹದಲ್ಲಿ ನಮ್ಮೂರಿನ ಹೆಸರಿಲ್ಲ. ಹಾಗಾಗಿ ಅವನು ನಮ್ಮೂರ ಹೊಳೆದಂಡೆಯಲ್ಲಿ ನೀರು ಕುಡಿದ ಅಂತ ಹೇಳಿಕೊಳ್ಳುವ ಆಸೆ ಇದ್ದರೂ ಹೇಳುವಂತಿಲ್ಲ! ಆಗ ಹಿನ್ನೀರೂ ಇರಲಿಲ್ಲ, ಅಣೆಕಟ್ಟು ಮುಗಿದದ್ದು 1953ರಲ್ಲಿ. ತುಂಗಭದ್ರೆ ಬರೀ ಹೊಳೆಯಾಗಿ ಹರಿಯುತ್ತಿದ್ದ ಕಾಲ ಅದು.

ಮೊದಲ ಭೇಟಿಯನ್ನು ಅವನು ವಿವರವಾಗಿ ಬರೆದಿದ್ದಾನೆ. ಕಂಬಗಳ ದೊಡ್ಡ ಚಾವಡಿ. ತೆಳ್ಳಗೆ ಎತ್ತರಕ್ಕಿದ್ದ ರಾಜ, ಇನ್ನೂ ಗಡ್ಡ ಬಾರದ ಮುಖ. ರಜಾಕ್ ಐದು ಒಳ್ಳೆಯ ಕುದುರೆಗಳನ್ನೂ ತಟ್ಟೆಗಳಲ್ಲಿ ರೇಷ್ಮೆಯನ್ನೂ ಕಾಣಿಕೆ ಕೊಟ್ಟ. ರಾಜ ಹತ್ತಿರ ಕೂರಿಸಿಕೊಂಡು, ಅಂಥ ದೊಡ್ಡ ದೊರೆ ನನಗೆ ರಾಯಭಾರಿಯನ್ನು ಕಳಿಸಿದ್ದು ಸಂತೋಷ ಅಂದ. ಎಲೆ ಅಡಿಕೆಯ ಎರಡು ಕಟ್ಟು, ಐನೂರು ಹಣದ ಚೀಲ, ಇಪ್ಪತ್ತು ಮಿಸ್ಕಾಲ್ ಕರ್ಪೂರ ಕೊಟ್ಟು ಕಳಿಸಿದ. ಬಿಡಾರಕ್ಕೆ ದಿನಾ ಎರಡು ಕುರಿ, ನಾಲ್ಕು ಜೊತೆ ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ, ಮೇಲೆ ಎರಡು ವರಹ. ಅವನ ಕಾಲದ ಮಣ ಎಷ್ಟು ತೂಗುತ್ತಿತ್ತೋ ಇರಲಿ, ದಿನಕ್ಕೆ ಒಂದು ಮಣ ಸಕ್ಕರೆಯನ್ನು ಆ ಪರಿವಾರ ಏನು ಮಾಡುತ್ತಿತ್ತು ಅಂತ ನನಗೆ ಇವತ್ತಿಗೂ ಆಶ್ಚರ್ಯ.

ವಾರಕ್ಕೆ ಎರಡು ಸಂಜೆ ಅರಮನೆಯಿಂದ ಕರೆ ಬರುತ್ತಿತ್ತು. ರಾಜ ಶಾರೂಖನ ಬಗ್ಗೆ, ಅವನ ರಾಜ್ಯದ ಬಗ್ಗೆ ಕೇಳುತ್ತಿದ್ದ. ಪ್ರತಿ ಸಲವೂ ಎಲೆ, ಹಣದ ಚೀಲ, ಕರ್ಪೂರ. ಒಂದು ದಿನ ರಾಜ ದುಭಾಷಿಯ ಮೂಲಕ ಇದರ ಅರ್ಥವನ್ನೂ ಹೇಳಿಸಿದ. ನಿಮ್ಮ ದೊರೆಗಳು ರಾಯಭಾರಿಗಳನ್ನು ತಮ್ಮ ಪಂಕ್ತಿಯಲ್ಲಿ ಕೂರಿಸಿ ಊಟ ಹಾಕುತ್ತಾರೆ. ನಾವೂ ನೀವೂ ಕೂಡಿ ಉಣ್ಣುವಂತಿಲ್ಲವಲ್ಲ, ಅದಕ್ಕೇ ಈ ಚೀಲ. ಇದೇ ನಾವು ನಿಮಗೆ ಹಾಕುವ ಊಟ ಅಂದುಕೊಳ್ಳಿ.

ಈ ಸಾಲುಗಳಲ್ಲಿ ನಾನು ಬಹಳ ಹೊತ್ತು ನಿಂತಿದ್ದೇನೆ. ಜಾತಿ ಮಡಿ ಇರುವ ಕಡೆ ಪರದೇಶಿಯನ್ನು ಸತ್ಕರಿಸುವ ಕಷ್ಟವನ್ನು ಇಷ್ಟು ನೇರವಾಗಿ ಒಪ್ಪಿಕೊಂಡ ರಾಜ ಇನ್ನೊಬ್ಬನನ್ನು ನಾನು ಓದಿಲ್ಲ. ಆ ಹನ್ನೊಂದು ಜನ ನಮ್ಮೂರಿಗೆ ಬಂದಾಗಲೂ ಯಾರ ಮನೆಯಲ್ಲಿ ಊಟ, ಯಾರ ಮನೆಯಲ್ಲಿ ಬರೀ ಚಹ ಅಂತ ಪಂಚಾಯ್ತಿ ನಡೆದಿತ್ತು. ಅವರಿಗೆ ಅದು ತಿಳಿಯಲಿಲ್ಲ, ಪುಣ್ಯ.

ರಜಾಕ್ ಅಲ್ಲಿ ಸುಖವಾಗಿದ್ದ. ಪೇಟೆಯ ಗುಲಾಬಿ ಹೂವಿನ ರಾಶಿ ನೋಡಿ, ಈ ಜನ ಅನ್ನವಿಲ್ಲದೆ ಇರಲಾರದಂತೆ ಗುಲಾಬಿ ಇಲ್ಲದೆಯೂ ಇರಲಾರರು ಎಂಬರ್ಥದಲ್ಲಿ ಬರೆದ. ಏಳು ಸುತ್ತಿನ ಕೋಟೆ ಎಣಿಸಿದ. ಆನೆಗಳ ಸಾಲು ನಿಂತ ಮಹಾನವಮಿ ನೋಡಿದ.

ಅಷ್ಟರಲ್ಲಿ ಹಾರ್ಮುಜಿನ ಕೆಲವು ವರ್ತಕರು ರಾಜನ ಕಿವಿ ಊದಿದರು. ಇವನು ಶಾರೂಖ್ ಕಳಿಸಿದ ರಾಯಭಾರಿಯೇ ಅಲ್ಲ ಅಂದರು. ಯಾಕೆ ಅಂದರು? ಕುದುರೆಗಳು ವಿಜಯನಗರಕ್ಕೆ ಸಮುದ್ರದ ಮೇಲೆ ಬರಬೇಕಿತ್ತು, ಹಾರ್ಮುಜ್ ಆ ವ್ಯಾಪಾರದ ದೊಡ್ಡ ಬಾಗಿಲು. ಆ ಬಾಗಿಲು ಕಾಯುವವರಿಗೆ ಹೆರಾತ್ ಮತ್ತು ವಿಜಯನಗರ ನೇರ ಮಾತಾಡಿಕೊಳ್ಳುವುದು ಹಿಡಿಸಿರಲಿಕ್ಕಿಲ್ಲ. ಇದು ನನ್ನ ಊಹೆ ಅಷ್ಟೇ. ಬರೀ ಹೊಟ್ಟೆಕಿಚ್ಚೂ ಇರಬಹುದು.

ರಜಾಕನಿಗೆ ಆಸರೆಯಾಗಿದ್ದ ದಣ್ಣಾಯಕ ಆಗ ಊರಲ್ಲಿರಲಿಲ್ಲ, ಕಲಬುರ್ಗಿಯ ಕಡೆ ದಂಡೆತ್ತಿ ಹೋಗಿದ್ದ. (ಈ ದಣ್ಣಾಯಕ 'ಶಿವತತ್ವ ಚಿಂತಾಮಣಿ' ಬರೆದ ಲಕ್ಕಣ್ಣ ದಂಡೇಶನೇ ಇರಬೇಕು ಅಂತ ವಿದ್ವಾಂಸರು ಹೇಳುತ್ತಾರೆ.) ಅವನ ಜಾಗದಲ್ಲಿ ಕೂತಿದ್ದ ಅಧಿಕಾರಿ ದಿನದ ಪಡಿಯನ್ನು ನಿಲ್ಲಿಸಿಬಿಟ್ಟ. ಆ ಅಧಿಕಾರಿಯ ಹೆಸರು ಪಾರ್ಸಿ ಲಿಪಿಯಲ್ಲಿ ಸಿಕ್ಕು ಗುರುತೇ ಸಿಗದಷ್ಟು ಕೆಟ್ಟಿದೆ. ಅವನಿಗೆ ಅದೇ ತಕ್ಕ ಶಿಕ್ಷೆ ಅಂತ ನನಗನ್ನಿಸುತ್ತದೆ :) ದಣ್ಣಾಯಕ ಗೆದ್ದು ವಾಪಸು ಬಂದ. ಬಂದ ದಿನವೇ ವಿಷಯ ತಿಳಿದು, ಪಡಿ ನಿಲ್ಲಿಸಿದವನನ್ನು ಬೈದು, ಟಂಕಸಾಲೆಯಿಂದ ಏಳು ಸಾವಿರ ವರಹ ರಜಾಕನಿಗೆ ಸಲ್ಲುವಂತೆ ಮಾಡಿದ.

ದುಡ್ಡು ಬಂತು. ಆದರೆ ಸಂಶಯ ಹೋಗಲಿಲ್ಲ.

ಹೊರಡುವ ಸಮಯಕ್ಕೆ ರಾಜ ಕರೆಸಿದ. ರಜಾಕ್ ಬರೆದಿರುವುದರ ಸಾರಾಂಶ ಇಷ್ಟು. ನೀನು ನಿಜವಾಗಿ ಶಾರೂಖ್ ಕಳಿಸಿದವನಲ್ಲ ಅಂತ ಇವರು ಹೇಳುತ್ತಾರೆ. ಇಲ್ಲದಿದ್ದರೆ ಇನ್ನೂ ಹೆಚ್ಚು ಮರ್ಯಾದೆ ಮಾಡುತ್ತಿದ್ದೆವು. ಇನ್ನೊಮ್ಮೆ ಈ ದೇಶಕ್ಕೆ ಬಂದರೆ ನಮ್ಮಂಥ ರಾಜನಿಗೆ ತಕ್ಕ ಸತ್ಕಾರ ನಿನಗೆ ಸಿಗುತ್ತದೆ. ಹೋಗಿ ಬಾ ಅಂದ ಹಾಗೆಯೇ ಆಯಿತು. ಆದರೆ ಎಂಥ ಹೋಗಿ ಬಾ! ನೀನು ಸುಳ್ಳನಿರಬಹುದು, ಆದರೂ ಮತ್ತೆ ಬಾ. ರಜಾಕ್ ಎದುರು ಏನೂ ಅನ್ನಲಿಲ್ಲ. ನಿನ್ನ ಮರುಭೂಮಿ ಒಮ್ಮೆ ದಾಟಿ ಊರು ಸೇರಿದರೆ ಸಾಕು, ಮತ್ತೆ ಈ ಕಡೆ ತಲೆ ಹಾಕುವುದಿಲ್ಲ ಎಂಬಂಥ ಪದ್ಯವೊಂದನ್ನು ಮನಸ್ಸಿನಲ್ಲೇ ಅಂದುಕೊಂಡ. ಶಾರೂಖನಿಗೆ ಬರೆದ ಓಲೆಯಲ್ಲೂ ರಾಜ ಇದೇ ಸಂಶಯ ಬರೆಸಿದ. ತನ್ನನ್ನು ಅನುಮಾನಿಸುವ ಕಾಗದವನ್ನು ತಾನೇ ಹೊತ್ತು ಸಮುದ್ರ ದಾಟಬೇಕು, ಎಂಥ ಸ್ಥಿತಿ ನೋಡಿ.

ದೇವರಾಯನನ್ನು ನಾನು ಬೈಯುವುದಿಲ್ಲ. ಸಂಶಯ ಇದ್ದರೂ ಅವನು ತನ್ನ ಪಾಲಿನದನ್ನು ಮಾಡಿದ. ಖ್ವಾಜಾ ಮಸೂದ್, ಖ್ವಾಜಾ ಮುಹಮ್ಮದ್ ಎಂಬ ಇಬ್ಬರನ್ನು ತನ್ನ ರಾಯಭಾರಿಗಳಾಗಿ ಜೊತೆಗೆ ಕಳಿಸಿದ. ಇಬ್ಬರೂ ಖುರಾಸಾನದ ಮೂಲದವರು, ವಿಜಯನಗರದಲ್ಲಿ ನೆಲೆಸಿದ್ದವರು. ದೆಹಲಿಯ ಫಿರೋಜ್ ಷಾನ ವಂಶದ ಫತೇಖಾನನ ಕಡೆಯವನೊಬ್ಬನೂ ಗುಂಪು ಸೇರಿದ. ರಜಾಕ್ ಸುಳ್ಳನೇ ಆಗಿದ್ದರೆ ಈ ಇಬ್ಬರನ್ನು ಯಾರ ಬಳಿಗೆ ಕಳಿಸಿದಂತಾಯಿತು? ರಾಜನ ಮನಸ್ಸಿನ ಒಂದು ಮೂಲೆ ಅವನನ್ನು ನಂಬಿತ್ತು ಅಂತಲೇ ನನ್ನ ಎಣಿಕೆ.

1443ರ ಡಿಸೆಂಬರ್ 5ರಂದು ಹೊರಟರು. ಹದಿನೆಂಟು ದಿನ ನಡೆದು ರಂಜಾನಿನ ಮೊದಲ ದಿನ ಬಾರ್ಕೂರಿನ ಕಡೆಯ ಕರಾವಳಿ ಮುಟ್ಟಿದರು. ಅಲ್ಲಿ ನೂರಿಪ್ಪತ್ತು ವರ್ಷದವನೆಂದು ಹೇಳುತ್ತಿದ್ದ ಒಬ್ಬ ಮುದುಕ ಸಯ್ಯದನ ಸಹವಾಸ ಸಿಕ್ಕಿತು. ಹಿಂದೂಗಳೂ ಮುಸಲ್ಮಾನರೂ ಅವನ ಮಾತಿಗೆ ತಲೆಬಾಗುತ್ತಿದ್ದರಂತೆ. ಅದೇ ಊರಲ್ಲಿ ದೇವರಾಯನ ರಾಯಭಾರಿ ಖ್ವಾಜಾ ಮಸೂದ್ ತೀರಿಕೊಂಡ. ಬಂದಾಗ ಅಣ್ಣನನ್ನು ಮಣ್ಣು ಮಾಡಿದ್ದ ರಜಾಕ್, ಹೋಗುವಾಗ ಜೊತೆಗಾರನನ್ನು ಕಳೆದುಕೊಂಡ. ಆಮೇಲೆ ಹೊನ್ನಾವರಕ್ಕೆ ಹೋಗಿ ಇಪ್ಪತ್ತು ಜನಕ್ಕೆ ಹಡಗು ಗೊತ್ತು ಮಾಡಿದ. ಬಿರುಗಾಳಿಗೆ ಸಿಕ್ಕಿ, ಎರಡು ತಿಂಗಳ ಮೇಲೆ ಹಾರ್ಮುಜ್ ತಲುಪಿದ. ಹೆರಾತಿನ ಮನೆ ಬಿಟ್ಟು ಸೇರುವುದರೊಳಗೆ ಹತ್ತಿರ ಹತ್ತಿರ ಮೂರು ವರ್ಷ.

ದೇವರಾಯ 1446ರಲ್ಲಿ ತೀರಿಕೊಂಡ, ಶಾರೂಖ್ 1447ರಲ್ಲಿ. ಮತ್ತೆ ಬಾ ಅಂದವನೂ ಇಲ್ಲ, ಕಳಿಸುವವನೂ ಇಲ್ಲ. ರಜಾಕ್ 1482ರವರೆಗೆ ಬದುಕಿದ್ದ. ಮನಸ್ಸಿನಲ್ಲಿ ಅಷ್ಟು ಕಹಿ ಹೊತ್ತು ಹೋದವನು ತನ್ನ ದೊಡ್ಡ ಇತಿಹಾಸ ಗ್ರಂಥದಲ್ಲಿ ವಿಜಯನಗರದ ಗುಲಾಬಿಯನ್ನು ಮರೆಯಲಿಲ್ಲ. ಆ ಗಡ್ಡ ಬಾರದ ರಾಜನ ಬಗ್ಗೆ ಒಂದು ಕೆಟ್ಟ ಮಾತನ್ನೂ ಬರೆಯಲಿಲ್ಲ. ನಾವು ಎರಡು ಮಾರ್ಕಿಗೆ ಬರೆದ ಆ ಹೊಗಳಿಕೆ ಅವಮಾನ ಉಂಡು ಹೋದವನದು ಅಂತ ತಿಳಿದ ಮೇಲೆ ಅದರ ತೂಕವೇ ಬೇರೆಯಾಯಿತು.

ಹೋಗಿ ಬನ್ನಿ ಅನ್ನುವುದು ನಿಜವಾದದ್ದೂ ಇದೆ, ಅದೇ ಹಂಪಿಯಲ್ಲಿ. ಅಮೆರಿಕದ ಜಾನ್ ಫ್ರಿಟ್ಜ್, ಆಸ್ಟ್ರೇಲಿಯಾದ ಜಾರ್ಜ್ ಮಿಷೆಲ್ 1980ರ ದಶಕದ ಆರಂಭದಿಂದ ಸುಮಾರು ಇಪ್ಪತ್ತು ವರ್ಷ ಚಳಿಗಾಲ ಬಂದರೆ ಅಲ್ಲಿ ಬಿಡಾರ ಹೂಡುತ್ತಿದ್ದರು. ದೇಶವಿದೇಶದ ವಿದ್ಯಾರ್ಥಿಗಳು ಟೇಪು ಹಿಡಿದು ಕಲ್ಲು ಕಲ್ಲನ್ನೂ ಅಳೆದು ನಕ್ಷೆ ಬರೆದರು. ಬಿಸಿಲೇರುವ ಹೊತ್ತಿಗೆ ಗಂಟು ಕಟ್ಟುವುದು, ಮುಂದಿನ ಚಳಿಗೆ ಮತ್ತೆ ಹಾಜರು. ಅಲ್ಲಿ ಬೀಳ್ಕೊಡುವುದಕ್ಕೆ ಯಾರೂ ಹೆಚ್ಚು ತಲೆ ಕೆಡಿಸಿಕೊಂಡಿರಲಾರರು.

ನಮ್ಮೂರಿನ ವಿಷಯಕ್ಕೆ ಬಂದರೆ, ನಾವು ನಾಲ್ವರು ಹೋಗುವುದು ಆಗಲೇ ಇಲ್ಲ. ಆ ಕಡೆಯಿಂದ ಕಾಗದ ಬರಲಿಲ್ಲ, ಈ ಕಡೆಯಿಂದ ಯಾರೂ ಕೇಳಲಿಲ್ಲ. ಒಂದು ಸಲ ದೊಡ್ಡವ್ವನಿಗೆ ರಜಾಕನ ಕಥೆ ಹೇಳಿದೆ. ಕುರಿ ಕೋಳಿ ಸಕ್ಕರೆಯ ಲೆಕ್ಕವನ್ನೆಲ್ಲ ಕೇಳಿಸಿಕೊಂಡಳು. ಹೊರಡುವ ದಿನದ ಮಾತು ಬಂದಾಗ ನನ್ನ ಮುಖ ನೋಡಿ, "ಅವತ್ತು ನೀನೂ ಬಸ್ ಸ್ಟ್ಯಾಂಡಿಗೆ ಬರಬೇಕಾಗಿತ್ತಪ್ಪ" ಅಂದಳು. "ಆ ಕೆಂಚಗೂದಲಿನ ಹುಡುಗಿ ನಿನ್ನ ಹೆಸರು ಹಿಡಿದು ಎಲ್ಲಿ ಅಂತ ಕೇಳಿದ್ಲು. ಹೊಲಕ್ಕೆ ಹೋಗ್ಯಾನ ಅಂತ ಸುಳ್ಳು ಹೇಳಿ ಬಂದೆ."