ದತ್ತುಪುತ್ರತ್ವ (ಕ್ರೈಸ್ತ ನಂಬಿಕೆ)

ಯೇಸುಕ್ರಿಸ್ತನಲ್ಲಿ ವಿಶ್ವಾಸವಿಟ್ಟವರನ್ನು ದೇವರು ತನ್ನ ಮಕ್ಕಳಾಗಿ ಸ್ವೀಕರಿಸಿ, ಮನೆಮಕ್ಕಳ ಹಕ್ಕನ್ನೆಲ್ಲ ಕೊಡುತ್ತಾನೆ ಎಂಬ ಸಿದ್ಧಾಂತ. ಸ್ವಭಾವತಃ ದೇವರ ಮಗ ಯೇಸು ಒಬ್ಬನೇ. ಉಳಿದವರು ಕೃಪೆಯಿಂದ ಆ ಮನೆ ಸೇರಿದವರು ಎಂಬುದು ಇದರ ತಿರುಳು. ಕನ್ನಡ ಸತ್ಯವೇದ ಓದುವವರಿಗೆ ಇದು ‘ಮಗನ ಭಾವ’ ಎಂಬ ಮಾತಿನಿಂದ ಪರಿಚಿತ.

ಹೊಸ ಒಡಂಬಡಿಕೆಯಲ್ಲಿ ದತ್ತು ಎಂಬರ್ಥದ ಗ್ರೀಕ್ ಪದ ಬರುವುದು ಪೌಲನ ಹೆಸರಿನ ಪತ್ರಿಕೆಗಳಲ್ಲಿ ಮಾತ್ರ, ಅದೂ ಐದೇ ಕಡೆ: ರೋಮಾಪುರದವರಿಗೆ ಬರೆದದ್ದರಲ್ಲಿ ಮೂರು (8:15, 8:23, 9:4), ಗಲಾತ್ಯದವರಿಗೆ (4:5) ಮತ್ತು ಎಫೆಸದವರಿಗೆ (1:5) ಒಂದೊಂದು. ಯೋಹಾನನ ಬರಹಗಳಲ್ಲಿ ದತ್ತಿನ ಮಾತಿಲ್ಲ. ಅಲ್ಲಿರುವುದು ದೇವರಿಂದ ಹುಟ್ಟುವ, ಮರಳಿ ಹುಟ್ಟುವ ಮಾತು. ಪೌಲನ ಮಾತು ಕಾನೂನಿನ ವಾಸನೆಯುಳ್ಳದ್ದು. ರೋಮಿನಲ್ಲಿ ದತ್ತಕನಾದವನು ಹೆತ್ತ ತಂದೆಯ ಅಧಿಕಾರದಿಂದ ಹೊರಬಂದು ಹೊಸ ತಂದೆಯ ಹೆಸರಿಗೂ ಆಸ್ತಿಗೂ ಬಾಧ್ಯನಾಗುತ್ತಿದ್ದ. ಚಕ್ರವರ್ತಿ ಕ್ಲಾಡಿಯಸ್ ನೀರೋನನ್ನು ದತ್ತು ತೆಗೆದುಕೊಂಡದ್ದು ಕ್ರಿ.ಶ. 50ರಲ್ಲಿ. ಕ್ಲಾಡಿಯಸ್‌ಗೆ ಬ್ರಿಟಾನಿಕಸ್ ಎಂಬ ಸ್ವಂತ ಮಗನಿದ್ದ. ಪಟ್ಟ ಮಾತ್ರ ದತ್ತುಮಗನಿಗೆ ಹೋಯಿತು. ಬ್ರಿಟಾನಿಕಸ್ 55ರಲ್ಲಿ ಸತ್ತ, ವಿಷವಿಕ್ಕಿಸಿದವನು ನೀರೋನೇ ಎಂದು ರೋಮಿನ ಇತಿಹಾಸಕಾರರು ಬರೆದರು. ಪೌಲನ ಪತ್ರಿಕೆ ರೋಮಿಗೆ ಹೋದದ್ದು ನೀರೋ ಆಳುತ್ತಿದ್ದಾಗಲೇ. ದತ್ತುಮಕ್ಕಳು ಕ್ರಿಸ್ತನೊಂದಿಗೆ ಸಹಬಾಧ್ಯರು, ಆತ ಅನೇಕ ಸಹೋದರರಲ್ಲಿ ಹಿರಿಯ ಎಂದು ಅದರಲ್ಲಿ ಓದಿದವರಿಗೆ ಅರಮನೆಯ ಸುದ್ದಿ ನೆನಪಾಗದೆ ಇದ್ದೀತೆ?

ಕನ್ನಡ ನಾಡಿನ ಓದುಗರಿಗೆ ದತ್ತು ಎಂದರೆ ಮೊದಲು ನೆನಪಾಗುವುದು ಕಿತ್ತೂರು. ಮಕ್ಕಳಿಲ್ಲದ ಅಲ್ಲಿಯ ದೊರೆ ಶಿವಲಿಂಗರುದ್ರ ಸರ್ಜ 1824ರಲ್ಲಿ ಸಾಯುವ ಮುಂಚೆ ಶಿವಲಿಂಗಪ್ಪನನ್ನು ದತ್ತು ತೆಗೆದುಕೊಂಡ, ಕಂಪನಿ ಸರ್ಕಾರ ಅದನ್ನು ಒಪ್ಪಲಿಲ್ಲ, ರಾಣಿ ಚೆನ್ನಮ್ಮ ಯುದ್ಧಕ್ಕಿಳಿದಳು. ನಮ್ಮ ಕಡೆಯ ದತ್ತು ಪದ್ಧತಿಯಲ್ಲಿ ಕೊರತೆ ಇರುವುದು ತಂದೆಯ ಕಡೆ. ಗದ್ದಿಗೆ ಬರಿದಾಗಬಾರದು, ಪಿಂಡ ತಪ್ಪಬಾರದು, ಮನೆತನದ ಹೆಸರು ಉಳಿಯಬೇಕು. ಅದಕ್ಕಾಗಿ ಹುಡುಗ ಬೇಕು. ಪೌಲ ಹೇಳುವ ತಂದೆಗೆ ಇಂಥ ಯಾವ ಅಗತ್ಯವೂ ಇಲ್ಲ. ಮಗನಿದ್ದಾನೆ, ಆ ಮಗನಿಗೆ ಸಾವಿನ ಭಯವೂ ಇಲ್ಲ. ಕೊರತೆಯೆಲ್ಲ ದತ್ತು ಹೋಗುವವರದು. ಸಿದ್ಧಾಂತದ ಕಸುವು ಇರುವುದು ಇಲ್ಲೇ. ನಮ್ಮ ಕಡೆಯ ದತ್ತಹೋಮದ ಹೋಲಿಕೆ ಕೊಟ್ಟು ಬೋಧಿಸುವವರು ಇದನ್ನು ಮರೆತರೆ ಅರ್ಥವೇ ತಲೆಕೆಳಗಾಗುತ್ತದೆ.

ಈ ಬೋಧನೆಯನ್ನು 8ನೆಯ ಶತಮಾನದ ಸ್ಪೇನಿನ ದತ್ತಕವಾದದೊಂದಿಗೆ ಬೆರೆಸಬಾರದು. ಮನುಷ್ಯನಾಗಿ ಯೇಸುವೇ ದೇವರ ದತ್ತುಮಗ ಎಂದ ಟೊಲೆಡೊದ ಎಲಿಪಾಂಡಸ್‌ನ ವಾದವನ್ನು 794ರ ಫ್ರಾಂಕ್‌ಫರ್ಟ್ ಸಭೆ ಖಂಡಿಸಿತು. ವಿಶ್ವಾಸಿಗಳ ದತ್ತಿನ ವಿಷಯಕ್ಕೆ ಬಂದರೆ, ಕಥೋಲಿಕರ ಟ್ರೆಂಟ್ ಮಹಾಸಭೆ 1547ರಲ್ಲಿ ನೀತೀಕರಣವನ್ನು (ಪಾಪಿಯನ್ನು ದೇವರು ನೀತಿವಂತನಾಗಿಸುವುದನ್ನು) ವಿವರಿಸುವಾಗ ದೇವರ ದತ್ತುಮಕ್ಕಳ ಸ್ಥಿತಿಗೆ ದಾಟುವುದೆಂದೇ ಹೇಳಿತು. ಪ್ರಾಟೆಸ್ಟೆಂಟರಲ್ಲಿ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಮಾಣ ದತ್ತಿಗೆ ಪ್ರತ್ಯೇಕ ಅಧ್ಯಾಯವನ್ನೇ (12ನೆಯದು) ಕೊಟ್ಟಿದೆ: ನ್ಯಾಯಾಧೀಶ ಬಿಡುಗಡೆ ಮಾಡುವುದು ಒಂದು, ಅದೇ ಆರೋಪಿಯನ್ನು ಮನೆಗೆ ಕರೆದೊಯ್ದು ಮಗನಾಗಿಸಿಕೊಳ್ಳುವುದು ಇನ್ನೊಂದು ಎಂದು ಆ ಪರಂಪರೆಯ ಬೋಧಕರು ಬಿಡಿಸಿ ಹೇಳುತ್ತಾರೆ. ರೋಮಾಪುರದ ಪತ್ರಿಕೆಯ ಪ್ರಕಾರ ದತ್ತು ಇನ್ನೂ ಪೂರ್ತಿಯಾಗಿಲ್ಲ. ದೇಹದ ಬಿಡುಗಡೆಯವರೆಗೆ ವಿಶ್ವಾಸಿಗಳು ಅದಕ್ಕಾಗಿ ಕಾಯುತ್ತಾರೆ.

ಕಂಪ್ಲಿ, ಹೊಸಪೇಟೆ, ಸಂಡೂರು ಸೀಮೆಯ ಮಟ್ಟಿಗೆ ಪೌಲನ ಪತ್ರಿಕೆಗಳನ್ನು ಕನ್ನಡಕ್ಕೆ ತಂದ ಊರು ದೂರದ್ದಲ್ಲ, ಬಳ್ಳಾರಿಯೇ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿ ನೆಲೆಸಿ ಕನ್ನಡ ಕಲಿತು ಅನುವಾದಕ್ಕೆ ಕೈಹಾಕಿದ. ವಿಲಿಯಂ ರೀವ್ ಜೊತೆಗೂಡಿದ. 1831ರ ಹೊತ್ತಿಗೆ ಇಡೀ ಬೈಬಲ್ ಬಳ್ಳಾರಿಯಲ್ಲಿ ಅಚ್ಚಾಗಿ ಬಂತು. ಕಿತ್ತೂರಿನ ದತ್ತನ್ನು ಕಂಪನಿ ತಳ್ಳಿಹಾಕಿದ್ದು ಇದೇ ಕೆಲಸ ನಡೆಯುತ್ತಿದ್ದ ವರ್ಷಗಳಲ್ಲಿ. ಬಳ್ಳಾರಿಯ ಮಿಷನರಿಗಳು ಹಂಪಿಯ ಜಾತ್ರೆಗೂ ಹೋಗಿ ಬೋಧಿಸುತ್ತಿದ್ದರು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ರೂಪುಗೊಂಡಾಗ ಆ ಮಿಷನ್ನಿನ ಸಭೆಗಳು ಅದರಲ್ಲಿ ಸೇರಿದವು. ಕಥೋಲಿಕರ ಬಳ್ಳಾರಿ ಧರ್ಮಪ್ರಾಂತ 1949ರದು.

ಹೀಗೆ ದೇವರ ಮನೆ ಸೇರಿದ ಗುರುತು ದೀಕ್ಷಾಸ್ನಾನ. ಕಥೋಲಿಕರಲ್ಲಿ ಕೂಸನ್ನು ತಾಯಿ ಎತ್ತಿಕೊಂಡಿರುತ್ತಾಳೆ, ಜ್ಞಾನ ತಂದೆತಾಯಿ ಪಕ್ಕದಲ್ಲಿ ನಿಲ್ಲುತ್ತಾರೆ. ಗುರುಗಳು ಹೆಸರು ಹಿಡಿದು ಮೂರು ಸಲ ನೆತ್ತಿಗೆ ನೀರು ಹೊಯ್ದು, ಪರಿಮಳ ತೈಲ ಹಚ್ಚಿ, ಬಿಳಿ ಬಟ್ಟೆ ಹೊದಿಸುತ್ತಾರೆ. ಪಾಸ್ಕ ಮೇಣದ ಬತ್ತಿಯಿಂದ ಹೊತ್ತಿಸಿದ ದೀಪವನ್ನು ಮನೆಯವರ ಕೈಗೆ ಕೊಡುತ್ತಾರೆ. ಆಮೇಲೆ ದೇವಾಲಯದ ದಾಖಲೆ ಪುಸ್ತಕದಲ್ಲಿ ಹೆಸರು ಬೀಳುತ್ತದೆ. ಪೆಂಟೆಕೋಸ್ಟ್ ಸಭೆಗಳಲ್ಲಿ ಕೂಸುಗಳಿಗೆ ದೀಕ್ಷಾಸ್ನಾನವಿಲ್ಲ. ತಿಳಿವಳಿಕೆ ಬಂದವರನ್ನು ಹೊಳೆಯಲ್ಲೋ ತೊಟ್ಟಿಯಲ್ಲೋ ಪೂರ್ತಿ ಮುಳುಗಿಸುತ್ತಾರೆ. ಅಲ್ಲಿಂದ ಮುಂದೆ ಅವರು ಒಬ್ಬರಿಗೊಬ್ಬರು ಬ್ರದರ್, ಸಿಸ್ಟರ್. ಪ್ರಾರ್ಥನೆಯಲ್ಲಿ ದೇವರು ‘ಅಪ್ಪಾ ತಂದೆಯೇ’.

ಹುಟ್ಟಿದ ಕುಲವನ್ನು ಬಿಟ್ಟು ಭಕ್ತಿಯ ಕುಲ ಸೇರುವುದು ಕಲ್ಯಾಣದ ಶರಣರ ನಾಡಿಗೆ ಹೊಸದಲ್ಲ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯರನ್ನು ಬಸವಣ್ಣ ತನ್ನ ಹಿರಿಯರೆಂದು ಹೇಳಿಕೊಂಡಿದ್ದ. ಆದರೆ ಕ್ರೈಸ್ತ ಸಭೆಗಳಲ್ಲಿ ಬಳಗ ಒಂದಾದಷ್ಟು ಸುಲಭವಾಗಿ ಜಾತಿ ಕರಗಲಿಲ್ಲ. ಸಂಬಂಧ ನೋಡುವಾಗ ಹಳೆಯ ಕುಲ ಮತ್ತೆ ತಲೆಯೆತ್ತುತ್ತದೆ ಎಂಬುದು ದಲಿತ ಕ್ರೈಸ್ತ ಚಿಂತಕರ ಹಳೆಯ ದೂರು. ಹಕ್ಕಿನ ಲೆಕ್ಕ ಇನ್ನೊಂದಿದೆ: ಪರಿಶಿಷ್ಟ ಜಾತಿಗಳ 1950ರ ರಾಷ್ಟ್ರಪತಿ ಆದೇಶ ಇಂದು ಹಿಂದೂ, ಸಿಖ್, ಬೌದ್ಧರಿಗಷ್ಟೇ ಅನ್ವಯಿಸುವುದರಿಂದ, ಕ್ರೈಸ್ತರಾದ ದಲಿತರಿಗೆ ಆ ಮೀಸಲಾತಿ ಕೈತಪ್ಪುತ್ತದೆ.

ಬಳ್ಳಾರಿಯ ಕಡೆ ದೇವದಾಸಿ ಪದ್ಧತಿ ಬೇರೂರಿದ್ದ ಸೀಮೆಯೂ ಹೌದು. 1982ರ ಕರ್ನಾಟಕದ ಕಾಯ್ದೆ ಮುತ್ತು ಕಟ್ಟಿ ಹೆಣ್ಣನ್ನು ದೇವರಿಗೆ ಬಿಡುವುದನ್ನು ನಿಷೇಧಿಸಿತು. ಆದರೆ ಶಾಲೆಯ ಅರ್ಜಿಯಲ್ಲಿ ‘ತಂದೆಯ ಹೆಸರು’ ಎಂಬ ಖಾನೆ ದೇವದಾಸಿ ತಾಯಂದಿರ ಮಕ್ಕಳನ್ನು ಬಹುಕಾಲ ಕಾಡಿತು. ದೇವರೇ ತಂದೆ ಎಂಬ ಬೋಧನೆಗೆ ಅಂಥವರ ನಡುವೆ ಬೇರೆಯೇ ತೂಕ. ತಂದೆಯಿಂದಲೇ ನೊಂದವರಿಗೆ ಇದೇ ಚಿತ್ರ ಹಿಂಸೆಯಾಗುತ್ತದೆಂದು ಸ್ತ್ರೀವಾದಿ ದೇವತಾಶಾಸ್ತ್ರಜ್ಞರು ಆಕ್ಷೇಪಿಸಿದ್ದಾರೆ, ಅದೂ ತಳ್ಳಿಹಾಕುವಂಥದ್ದಲ್ಲ. ಪೌಲ ‘ಮಗ’ ಎಂದದ್ದು ಹೆಂಗಸರನ್ನು ಬಿಟ್ಟಲ್ಲ: ಗಲಾತ್ಯದವರಿಗೆ ದತ್ತಿನ ಮಾತು ಹೇಳುವ ಸ್ವಲ್ಪ ಮುಂಚೆಯೇ ಗಂಡು ಹೆಣ್ಣೆಂಬ ಭೇದವಿಲ್ಲ ಎನ್ನುತ್ತಾನೆ. ಆಸ್ತಿ ಗಂಡುಮಕ್ಕಳಿಗೆ ಎಂದು ರೂಢಿಯಾಗಿದ್ದ ಕಡೆ ಹೆಣ್ಣುಮಕ್ಕಳಿಗೂ ಮಗನ ಹಕ್ಕೇ ಸಿಕ್ಕಂತಾಯಿತು.

ವಿಚಿತ್ರವೆಂದರೆ ತಾವು ದತ್ತುಮಕ್ಕಳೆಂದು ನಂಬುವ ಭಾರತದ ಕ್ರೈಸ್ತರಿಗೆ ಮಗುವನ್ನು ದತ್ತು ತೆಗೆದುಕೊಳ್ಳಲು ಬಹುಕಾಲ ಕಾನೂನೇ ಇರಲಿಲ್ಲ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಅವರಿಗೆ ಅನ್ವಯಿಸದು. 1890ರ ಪೋಷಕರ ಕಾಯ್ದೆಯಡಿ ಪಾಲಕರಾಗಬಹುದಿತ್ತು, ಅಷ್ಟೇ. ಮಗು ಪ್ರಾಪ್ತ ವಯಸ್ಸಿಗೆ ಬಂದರೆ ಪಾಲನೆ ಮುಗಿಯಿತು, ಆಸ್ತಿಯ ಹಕ್ಕು ತಾನಾಗಿ ಬರುತ್ತಿರಲಿಲ್ಲ. 1999ರಲ್ಲಿ ಕೇರಳ ಹೈಕೋರ್ಟ್ ಕ್ರೈಸ್ತ ದಂಪತಿಯ ದತ್ತನ್ನು ಎತ್ತಿಹಿಡಿಯಿತು. 2000ದ ಬಾಲನ್ಯಾಯ ಕಾಯ್ದೆ, ಅದರ 2006ರ ತಿದ್ದುಪಡಿ ಎಲ್ಲ ಧರ್ಮದವರಿಗೂ ಬಾಗಿಲು ತೆರೆದವು. 2014ರಲ್ಲಿ ಶಬನಂ ಹಶ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಖಚಿತಪಡಿಸಿತು. ಈಗ ಇಂಥ ದತ್ತು ನಡೆಯುವುದು 2015ರ ಬಾಲನ್ಯಾಯ ಕಾಯ್ದೆಯಡಿ.