ಫಿಸಿಯೋಥೆರಪಿ ಎಂದರೆ ಬರೀ ಮಸಾಜಾ? ಅವರ ಕೆಲಸ ಗಮನಿಸಿದರೆ ಗೊತ್ತಾಗುತ್ತೆ

"ಫಿಸಿಯೋಗೆ ಯಾಕೆ ದುಡ್ಡು ಸುರೀತೀರಿ? ಎಣ್ಣೆ ಬಿಸಿ ಮಾಡಿ ತಿಕ್ಕಿದರೆ ಸಾಕು." ಈ ಧಾಟಿಯ ಮಾತು ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಇದು ತಪ್ಪು, ಕೆಲವೊಮ್ಮೆ ಅಪಾಯ ಕೂಡ.

ಹುಳಿಮಾವಿನ ಒಂದು ಮನೆ ಎಂದುಕೊಳ್ಳಿ. ಮಂಡಿ ಆಪರೇಷನ್ ಆದ ಅಜ್ಜಿಯನ್ನು ನೋಡಲು ಫಿಸಿಯೋಥೆರಪಿಸ್ಟ್ ಬರುತ್ತಾರೆ. ಬಂದವರು ತಕ್ಷಣ ಕಾಲಿಗೆ ಕೈ ಹಾಕುವುದಿಲ್ಲ. ಡಿಸ್ಚಾರ್ಜ್ ಸಮರಿ ಓದುತ್ತಾರೆ, ನೋವು ಯಾವಾಗ ಹೆಚ್ಚುತ್ತದೆ ಎಂದು ಕೇಳುತ್ತಾರೆ, ಅಜ್ಜಿ ಮಂಚದಿಂದ ಏಳುವುದನ್ನು ಸುಮ್ಮನೆ ನಿಂತು ನೋಡುತ್ತಾರೆ. ನಾವು ಇದನ್ನು 'ಟೈಂಪಾಸ್' ಎಂದುಕೊಳ್ಳುತ್ತೇವೆ. ಮುಖ್ಯ ಕೆಲಸ ನಡೆಯುವುದೇ ಆಗ.

ಬಳಿಕ ಗೋನಿಯೋಮೀಟರ್ ಹಿಡಿದು ಮಂಡಿ ಎಷ್ಟು ಡಿಗ್ರಿ ಮಡಚುತ್ತದೆ ಎಂದು ಅಳೆಯುತ್ತಾರೆ. ಕುರ್ಚಿಯಿಂದ ಸಲೀಸಾಗಿ ಏಳಲು ಸುಮಾರು 90 ಡಿಗ್ರಿಗಿಂತ ಹೆಚ್ಚೇ ಬೇಕು. ಸ್ನಾಯುವಿನ ಬಲಕ್ಕೆ 0ಯಿಂದ 5ರವರೆಗೆ ಅಂಕ ಕೊಡುತ್ತಾರೆ: ಅಲುಗಾಟವೇ ಇಲ್ಲದಿದ್ದರೆ 0, ಗುರುತ್ವದ ಎದುರು ಎತ್ತಲು ಆದರೆ 3, ಸಹಜ ಬಲ ಇದ್ದರೆ 5. ಇವತ್ತಿನ ವ್ಯಾಯಾಮ ಯಾವುದು, ಎಷ್ಟು ಸಲ ಎನ್ನುವುದು ಈ ಅಂಕಿಗಳಿಂದ ನಿರ್ಧಾರವಾಗುತ್ತದೆ.

ಅಪಾಯ ಎಲ್ಲಿದೆ? ಆಪರೇಷನ್ ನಂತರ ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ತಿಕ್ಕಲೇಬೇಡಿ. ಗಡ್ಡೆ ಕಿತ್ತು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು. ಅದೇ ದಿನ ವೈದ್ಯರಿಗೆ ತೋರಿಸಿ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಕಾಯದೆ 108ಕ್ಕೆ ಕರೆ ಮಾಡಿ.

ಕ್ಲಿನಿಕ್ಕಿನಲ್ಲಿ ಬಿಸಿ ಶಾಖ ಕೊಡುವ, ವ್ಯಾಯಾಮ ಎಣಿಸುವ, ರೋಗಿಯನ್ನು ಹಿಡಿದು ನಡೆಸುವ ಸಹಾಯಕರೂ ಇರುತ್ತಾರೆ. ಅದೂ ಬೇಕಾದ ಕೆಲಸವೇ. ಆದರೆ ಮೊದಲ ತಪಾಸಣೆ, ಚಿಕಿತ್ಸೆ ಬದಲಿಸುವ ತೀರ್ಮಾನ ಪದವೀಧರ ಫಿಸಿಯೋಥೆರಪಿಸ್ಟ್‌ದು. ಅವರದ್ದು ನಾಲ್ಕು ವರ್ಷದ ಓದು, ಮೇಲೆ ಇಂಟರ್ನ್‌ಶಿಪ್. ರಾಜ್ಯದ ಹೆಚ್ಚಿನ ಫಿಸಿಯೋಥೆರಪಿ ಕಾಲೇಜುಗಳು ಜಯನಗರದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿವೆ. ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳಿಗಾಗಿ 2021ರಲ್ಲಿ ಬಂದ ಕೇಂದ್ರ ಕಾಯ್ದೆಯ ವ್ಯಾಪ್ತಿಗೆ ಫಿಸಿಯೋಥೆರಪಿಯೂ ಸೇರಿದೆ. ಹಾಗಾಗಿ ಮನೆಗೆ ಬಂದವರ ಓದು ಏನು ಎಂದು ಕೇಳಲು ಸಂಕೋಚ ಬೇಡ.

ಇನ್ನೊಂದು ಮಾತು. ರೋಗಿಗಳನ್ನು ಎತ್ತಿ, ಬಗ್ಗಿ ಕೆಲಸ ಮಾಡುವ ಇವರಿಗೇ ಸೊಂಟ ಮತ್ತು ಹೆಬ್ಬೆರಳಿನ ನೋವು ಬರುವುದು ಸಾಮಾನ್ಯ. ಅವರು ಬರುವ ಹೊತ್ತಿಗೆ ಅಜ್ಜಿಯನ್ನು ನೆಲದ ಹಾಸಿಗೆಯ ಬದಲು ಎತ್ತರದ ಮಂಚದ ಮೇಲೆ ಕೂರಿಸಿದ್ದರೆ ಇಬ್ಬರ ಸೊಂಟವೂ ಉಳಿಯುತ್ತದೆ.